ಬೇಡ ಅಂದ ಮೇಲಿನ ಎರಡು ನಿಮಿಷ

ಎಲ್ಲರಿಗೂ ನಮಸ್ಕಾರ. ಇಷ್ಟಪಟ್ಟವರ ಮುಂದೆ ಧೈರ್ಯವಾಗಿ ಕೇಳುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅವರು ಒಪ್ಪದಿದ್ದಾಗ ಏನು ಮಾಡಬೇಕು, ಅದು ಇವತ್ತಿನ ನನ್ನ ಮಾತು.

ನೋವಾಗುತ್ತದೆ. ಅದನ್ನು ಒಪ್ಪಿಕೊಳ್ಳೋಣ. 2003ರಲ್ಲಿ ಮನಶ್ಶಾಸ್ತ್ರಜ್ಞೆ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರ್‌ನಲ್ಲಿ ಚೆಂಡು ಎಸೆದಾಡುವ ಆಟ. ಸ್ವಲ್ಪ ಹೊತ್ತಾದ ಮೇಲೆ ಉಳಿದ ಇಬ್ಬರು ಆಟಗಾರರು ಪ್ರಯೋಗಕ್ಕೆ ಬಂದವರಿಗೆ ಚೆಂಡು ಕೊಡುವುದನ್ನೇ ಬಿಡುತ್ತಾರೆ. ಅಷ್ಟಕ್ಕೇ, ಮೈಗೆ ನೋವಾದಾಗ ಚುರುಕಾಗುವ ಮೆದುಳಿನ ಒಂದು ಭಾಗ ಇಲ್ಲೂ ಚುರುಕಾಯಿತು. ಮುಖ ನೋಡದವರು ಚೆಂಡು ಕೊಡದಿದ್ದರೇ ಹೀಗೆ. ಇನ್ನು ತಿಂಗಳುಗಟ್ಟಲೆ ಮನಸ್ಸಲ್ಲಿ ಇಟ್ಟುಕೊಂಡವರು ಬೇಡ ಅಂದರೆ ಕೇಳಬೇಕಾ?

ಆದರೆ ಎದುರಿನವರಿಗೂ ಆಗ ಕಷ್ಟವೇ. 1993ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬೌಮೈಸ್ಟರ್ ಅವರ ತಂಡ ಒಬ್ಬೊಬ್ಬರಿಂದಲೂ ಎರಡು ಅನುಭವ ಬರೆಸಿತು. ತಾವು ಇಷ್ಟಪಟ್ಟವರು ಸಿಗದೆ ಹೋದದ್ದು ಒಂದು, ತಮ್ಮನ್ನು ಇಷ್ಟಪಟ್ಟವರಿಗೆ ತಾವೇ ಬೇಡ ಅಂದದ್ದು ಇನ್ನೊಂದು. ಸಿಗದೆ ಹೋದ ಕಥೆಯಲ್ಲಿ ‘ಅವರೇ ಆಸೆ ಹುಟ್ಟಿಸಿದರು’ ಅನ್ನುವ ದೂರು ಜಾಸ್ತಿ. ಬೇಡ ಅಂದ ಕಥೆಯಲ್ಲಿ ‘ನಾನೇನೂ ಆಸೆ ಹುಟ್ಟಿಸಿರಲಿಲ್ಲ’ ಅನ್ನುವ ಮಾತು, ಜೊತೆಗೆ ಅಪರಾಧಿ ಭಾವ, ಹೇಗೆ ಹೇಳಬೇಕೆಂದು ತೋಚದ ಪೇಚಾಟ. ಬರೆದವರು ಅದೇ ಜನ, ನೋಡಿ!

ಹಾಗಾಗಿ ಬೇಡ ಅನ್ನುವುದು ಯಾರ ಬಾಯಿಂದಲೂ ಸಲೀಸಾಗಿ ಬರುವುದಿಲ್ಲ. ‘ಶನಿವಾರ ಸಿನಿಮಾಗೆ ಹೋಗೋಣ್ವಾ?’ ಅಂತ ಕೇಳಿದಿರಿ. ಅವರು ಒಂದು ಗಳಿಗೆ ಸುಮ್ಮನಾಗುತ್ತಾರೆ, ‘ಅಯ್ಯೋ, ಈ ವಾರ ಸ್ವಲ್ಪ...’ ಅಂತ ರಾಗ ಎಳೆಯುತ್ತಾರೆ, ಕೈ ಬ್ಯಾಗಿನ ಜಿಪ್ ಮೇಲೆ ಆಡುತ್ತಿರುತ್ತದೆ, ಬೇರೆ ದಿನದ ಮಾತು ಅವರಾಗಿ ಎತ್ತುವುದಿಲ್ಲ. ಉತ್ತರ ಬಂದಾಯಿತು. ‘ಹಾಗಾದ್ರೆ ಮುಂದಿನ ವಾರ?’ ಅಂತ ಬೆನ್ನು ಹತ್ತಬೇಡಿ. ಬರುವ ಮನಸ್ಸಿದ್ದವರು ‘ಶನಿವಾರ ಆಗಲ್ಲ, ಭಾನುವಾರ?’ ಅಂತ ತಾವೇ ಕೇಳುತ್ತಾರೆ, ಅಲ್ವಾ?

ಏನು ಹೇಳಬೇಕು? ‘ಸರಿ, ಪರವಾಗಿಲ್ಲ’ ಅಂದರೆ ಸಾಕು. ಬೇರೆ ಮಾತಿಗೆ ಬನ್ನಿ ಅಥವಾ ಹೊರಡಿ. ‘ಯಾಕೆ?’ ಮಾತ್ರ ಕೇಳಬೇಡಿ. ಕೇಳಿದರೆ ಅವರು ಸುಮ್ನೆ ಒಂದು ಕಾರಣ ಹುಟ್ಟಿಸಬೇಕಾಗುತ್ತದೆ, ನೀವು ಅದನ್ನು ಸರಿಮಾಡಲು ಹೊರಡುತ್ತೀರಿ. ಅವರ ಗೆಳತಿಯನ್ನು ಹಿಡಿದು ವಿಚಾರಿಸುವುದೂ ಅದೇ ಜಾತಿಯ ಕೆಲಸ. ‘ಫ್ರೆಂಡ್ಸಾಗಿ ಇರೋಣ’ ಅಂದರೆ ಆ ಕ್ಷಣವೇ ಒಪ್ಪಬೇಕೆಂದಿಲ್ಲ. ಒಳಗೊಳಗೇ ಕಾಯುತ್ತ ಸ್ನೇಹದ ವೇಷ ಹಾಕುವುದು ನನ್ನ ಪ್ರಕಾರ ಮೋಸ, ಅವರಿಗೂ ನಿಮಗೂ. ‘ಸ್ವಲ್ಪ ದಿನ ದೂರ ಇರ್ತೀನಿ’ ಅಂತ ಹೇಳಬಹುದು.

ನಿಜವಾದ ಅಪಾಯ ಇರುವುದು ರಾತ್ರಿ, ಫೋನ್ ಕೈಯಲ್ಲಿದ್ದಾಗ. ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಅವರ ತಂಡದ 2010ರ ಅಧ್ಯಯನದಲ್ಲಿ, ಪ್ರೀತಿಸಿದವರು ಬಿಟ್ಟುಹೋದ ಜನಕ್ಕೆ ಅವರ ಫೋಟೋ ತೋರಿಸಿದಾಗ ಚಟದ ಹಂಬಲಕ್ಕೆ ಸಂಬಂಧಪಟ್ಟ ಮೆದುಳಿನ ಭಾಗಗಳು ಚುರುಕಾದವು. ಹಾಗಾಗಿ ಸ್ಟೇಟಸ್ ಮ್ಯೂಟ್ ಮಾಡಿ. ಉದ್ದನೆಯ ಮೆಸೇಜ್ ಬರೆಯಲೇಬೇಕು ಅನಿಸಿದರೆ ಹಾಳೆಯ ಮೇಲೆ ಬರೆಯಿರಿ, ಅಲ್ಲಿ ಕಳಿಸುವ ಬಟನ್ ಇರುವುದಿಲ್ಲ.

ಒಂದೇ ಆಫೀಸಾದರೆ? ಮರುದಿನ ಎಂದಿನಂತೆ ನಮಸ್ಕಾರ ಹೇಳಿ, ಕೆಲಸದ ಮಾತು ಆಡಿ. ಪ್ರಶ್ನೆಗಳಿದ್ದರೆ ಈಗ ಕೇಳಿ.