ಹಾಡುವುದೂ ಅವರೇ, ಊದುವುದೂ ಅವರೇ

ನಮಸ್ಕಾರ ಕೇಳುಗರೇ. ಇವತ್ತು ನಾನು ತುಂಬಾ ಇಷ್ಟಪಡುವ ಒಂದು ಆಲ್ಬಮ್ ಬಗ್ಗೆ ಮಾತಾಡ್ತೇನೆ. ಹೆಸರು 'ಬ್ಯಾಕ್ ಡೋರ್ ಬ್ಲೂಸ್'. ಹಾಡುವುದಕ್ಕೂ ಆಲ್ಟೋ ಸ್ಯಾಕ್ಸೊಫೋನ್ ಊದುವುದಕ್ಕೂ ಒಬ್ಬರೇ, ಎಡ್ಡಿ ವಿನ್ಸನ್. 1917ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಹುಟ್ಟಿದವರು. ಕೂದಲು ನೇರ ಮಾಡುವ ಕ್ಷಾರದ ಮದ್ದು ಹಚ್ಚಿ ತಲೆ ಬೋಳಾಯ್ತು, ಅಲ್ಲಿಂದ 'ಕ್ಲೀನ್‌ಹೆಡ್' ಅನ್ನೋ ಹೆಸರೇ ಅಂಟಿಕೊಂಡಿತು.

ಬ್ಲೂಸ್, ಜಾಸ್ ಎರಡೂ ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ ಪ್ರಕಾರಗಳು. ಬ್ಲೂಸ್ ಅಂದ್ರೆ ಸರಳ, ಜಾಸ್ ಅಂದ್ರೆ ಕಷ್ಟ ಅಂತ ಎರಡನ್ನೂ ಬೇರೆ ಬೇರೆ ಇಡುವವರು ಬಹಳ ಜನ. ನನಗೆ ಅದು ಒಪ್ಪಿಗೆ ಇಲ್ಲ. 1961 ಮತ್ತು 1962ರಲ್ಲಿ ಈ ಆಲ್ಬಮ್ ರೆಕಾರ್ಡ್ ಮಾಡಿದಾಗ ವಿನ್ಸನ್ ಜೊತೆಗಿದ್ದದ್ದು ಜಾಸ್‌ನ ಆಲ್ಟೋ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಅವರ ಐದು ಜನರ ತಂಡ. ಕಾರ್ನೆಟ್ ಅನ್ನೋ ಪುಟ್ಟ ತುತ್ತೂರಿಗೆ ಕ್ಯಾನನ್‌ಬಾಲ್ ಅವರ ತಮ್ಮ ನ್ಯಾಟ್, ಪಿಯಾನೋಗೆ ಜೋ ಜಾವಿನುಲ್. ಅಂಥ ಜಾಸ್ ತಂಡ ಬ್ಲೂಸ್ ಹಾಡುವವರ ಬೆನ್ನಿಗೆ ನಿಂತಿದೆ, ಒಂದು ಕಡೆಯೂ ಹೊಲಿಗೆ ಕಾಣೋದಿಲ್ಲ.

ಯಾಕೆ ಅಂತ ಸ್ವಲ್ಪ ನೋಡೋಣ. ಸಾಮಾನ್ಯವಾಗಿ ಬ್ಲೂಸ್‌ನ ಒಂದು ಚರಣಕ್ಕೆ ಹನ್ನೆರಡು ಬಾರ್ (ಬಾರ್ ಅಂದ್ರೆ ತಾಳದ ಒಂದು ಸುತ್ತು), ಮೂರು ಸಾಲು. ಮೊದಲ ಸಾಲನ್ನೇ ಇನ್ನೊಮ್ಮೆ ಹಾಡಿ, ಮೂರನೆಯದರಲ್ಲಿ ಮಾತು ಮುಗಿಸುತ್ತಾರೆ. ಒಂದೊಂದು ಸಾಲಿಗೂ ನಾಲ್ಕು ಬಾರ್ ಇರುತ್ತೆ, ಆದರೆ ಹಾಡು ಹೆಚ್ಚುಕಡಿಮೆ ಎರಡರಲ್ಲೇ ಮುಗಿದುಬಿಡುತ್ತೆ, ಉಳಿದ ಜಾಗ ಉತ್ತರ ಕೊಡುವ ವಾದ್ಯದ್ದು. ಊದುವವರೇ ಹಾಡಿದರೆ ಆ ಜಾಗದ ಬೆಲೆ ಗೊತ್ತಿರುತ್ತೆ, ಅಲ್ವಾ? ವಿನ್ಸನ್ ಸಾಲನ್ನು ಎಳೆಯೋದಿಲ್ಲ. ಮಾತಾಡಿದ ಹಾಗೆ ಹೇಳಿ ಬಿಟ್ಟುಕೊಡುತ್ತಾರೆ. ಸಾಲಿನ ಕೊನೆಗೆ ಅವರ ದನಿ ಥಟ್ಟನೆ ಒಡೆದು ಮೇಲಕ್ಕೆ ಹಾರಿ ಕೀರಲಾಗುತ್ತೆ, ಥೇಟ್ ಸ್ಯಾಕ್ಸೊಫೋನಿನ ಬಾಯಿಗಿಡುವ ತುದಿಯ ತೆಳು ಪಟ್ಟಿ, ಅಂದ್ರೆ ರೀಡ್, ಕಿರುಚಿದ ಹಾಗೆ! ಅದೇ ಅವರ ಗುರುತು. ಗಂಟಲು ವಾದ್ಯದಿಂದ ಕಲಿತದ್ದೋ, ವಾದ್ಯ ಗಂಟಲಿನಿಂದ ಕಲಿತದ್ದೋ ಅನ್ನಿಸುತ್ತೆ.

ಹಾಡಿಲ್ಲದ, ಬರೀ ವಾದ್ಯದ ತುಣುಕುಗಳೂ ಇವೆ. ಅಲ್ಲಿ ವಿನ್ಸನ್, ಕ್ಯಾನನ್‌ಬಾಲ್ ಇಬ್ಬರ ಕೈಯಲ್ಲೂ ಆಲ್ಟೋ. ಕ್ಯಾನನ್‌ಬಾಲ್ ಅವರದು ತುಂಬಿದ, ದುಂಡನೆಯ ನಾದ, ಒಂದರ ಹಿಂದೆ ಒಂದು ಸ್ವರ ಓಡಿ ಬರುತ್ತವೆ. ವಿನ್ಸನ್ ಅಷ್ಟು ಮಾತಿನವರಲ್ಲ. ಕೆಲವೇ ಸ್ವರ, ಸ್ವಲ್ಪ ಒರಟು, ಕೆಳಗಿನಿಂದ ಜಾರಿಸಿಕೊಂಡು ಮೇಲೆ ತರುತ್ತಾರೆ. ನನ್ನ ಕಿವಿ ಪ್ರತಿ ಸಲ ಅವರ ಕಡೆಗೇ ಹೋಗುತ್ತೆ.

ಹಾಗಂತ ವಿನ್ಸನ್ ಅವರನ್ನು ಬರೀ ಬ್ಲೂಸ್‌ನವರು ಅನ್ನೋಕೂ ಆಗಲ್ಲ. ನಲವತ್ತರ ದಶಕದ ಕೊನೆಯಲ್ಲಿ ಇವರ ತಂಡದಲ್ಲಿ ನುಡಿಸಿದವರಲ್ಲಿ, ಮುಂದೆ ಜಾಸ್‌ನ ದೊಡ್ಡ ಸ್ಯಾಕ್ಸೊಫೋನ್ ವಾದಕರಾದ ಜಾನ್ ಕೋಲ್ಟ್ರೇನ್ ಒಬ್ಬರು. ಜಾಸ್‌ನ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಹೆಸರಿನಲ್ಲಿ ಪ್ರಸಿದ್ಧವಾದ 'ಫೋರ್', 'ಟ್ಯೂನ್ ಅಪ್' ಎರಡೂ ತಾನು ಕಟ್ಟಿದ್ದು ಅಂತ ವಿನ್ಸನ್ ಹೇಳುತ್ತಿದ್ದರು, ಅದನ್ನು ಒಪ್ಪುವ ಜಾಸ್ ಕಲಾವಿದರೂ ಬಹಳ ಜನ ಇದ್ದಾರೆ. ಹಾಡುಗಾರ ಅನ್ನೋ ಹೆಸರಿನ ಹಿಂದೆ ಈ ಸಂಗೀತಗಾರ ಮರೆಯಾದರಲ್ಲ ಅಂತ ನನಗೆ ನಿಜಕ್ಕೂ ಬೇಜಾರು.

1988ರಲ್ಲಿ ವಿನ್ಸನ್ ತೀರಿಕೊಂಡರು. ಈ ರೆಕಾರ್ಡಿಂಗ್‌ಗಳು 'ಕ್ಲೀನ್‌ಹೆಡ್ ಅಂಡ್ ಕ್ಯಾನನ್‌ಬಾಲ್' ಅನ್ನೋ ಹೆಸರಿನಲ್ಲೂ ಸಿಗುತ್ತವೆ. ಮೊದಲು 'ಅರೈವಿಂಗ್ ಸೂನ್' ಹಾಕಿಕೊಳ್ಳಿ, ಅದು ವಿನ್ಸನ್ ಅವರೇ ಕಟ್ಟಿದ್ದು, ಅದರಲ್ಲಿ ಮಾತಿಲ್ಲ. ಅವರ ಊದುವಿಕೆ ಕಿವಿಗೆ ಹಿಡಿಸಿದ ಮೇಲೆ ಹಾಡುಗಳಿಗೆ ಬನ್ನಿ.