ಮೊದಲು ಒಪ್ಪಂದ, ಆಮೇಲೆ ಐತೀರ್ಪು

ಕೇಳುಗರಿಗೆ ನಮಸ್ಕಾರ.

ವಿದೇಶಿ ಹೂಡಿಕೆಯ ಕಾನೂನು ಕಲಿಯಲು ಹೊರಟವರು ಹೆಚ್ಚಾಗಿ ಕೋಟಿಗಟ್ಟಲೆ ಡಾಲರಿನ ಐತೀರ್ಪುಗಳನ್ನೇ, ಅಂದರೆ ನ್ಯಾಯಾಲಯದ ಬದಲು ಮಧ್ಯಸ್ಥಗಾರರ ಮಂಡಳಿ ಕೊಡುವ ತೀರ್ಪುಗಳನ್ನೇ, ಮೊದಲು ಹಿಡಿಯುತ್ತಾರೆ. ಎಡವುವುದೇ ಅಲ್ಲಿ. ಇಡೀ ಜಗತ್ತಿಗೆ ಅನ್ವಯಿಸುವ ಒಂದು ಕಾಯ್ದೆ ಈ ಕ್ಷೇತ್ರದಲ್ಲಿ ಇಲ್ಲ. 1959ರಲ್ಲಿ ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನ ಮೊದಲ ದ್ವಿಪಕ್ಷೀಯ ಹೂಡಿಕೆ ಒಪ್ಪಂದಕ್ಕೆ, ಅಂದರೆ ಒಂದು ದೇಶದ ಹೂಡಿಕೆದಾರರಿಗೆ ಇನ್ನೊಂದು ದೇಶದಲ್ಲಿ ರಕ್ಷಣೆ ಕೊಡುವ ಒಪ್ಪಂದಕ್ಕೆ, ಸಹಿ ಹಾಕಿದವು. ಆಮೇಲೆ ಇಂಥವು ಸಾವಿರಾರು ಬಂದವು. ನೋಡಲು ಒಂದೇ ಥರ, ಆದರೆ ಪದ ಪದಕ್ಕೂ ವ್ಯತ್ಯಾಸ.

ಒಪ್ಪಂದ ಕೈಗೆ ಬಂದೊಡನೆ ಪರಿಹಾರದ ವಿಧಿಗೆ ಹಾರಬೇಡಿ. ಹೂಡಿಕೆದಾರ ಯಾರು, ಹೂಡಿಕೆ ಯಾವುದು, ಸರ್ಕಾರ ಮಧ್ಯಸ್ಥಿಕೆಗೆ ಎಲ್ಲಿ ಲಿಖಿತ ಒಪ್ಪಿಗೆ ಕೊಟ್ಟಿದೆ ಎಂಬುದನ್ನು ಮೊದಲು ನೋಡಿ. ಹೂಡಿಕೆ ವ್ಯಾಜ್ಯಗಳ ಮಧ್ಯಸ್ಥಿಕೆಗೆಂದೇ ಇರುವ ವಾಷಿಂಗ್ಟನ್ನಿನ ಇಕ್ಸಿಡ್ (ICSID) ಕೇಂದ್ರಕ್ಕೆ ಹೋಗುವುದಾದರೆ, ಯಾವ ವ್ಯಾಜ್ಯ ಅಲ್ಲಿಗೆ ಬರಬಹುದು ಎಂದು ಹೇಳುವ, 1965ರ ಅದರ ಒಡಂಬಡಿಕೆಯ 25ನೇ ವಿಧಿಯನ್ನೂ ದಾಟಬೇಕು. ತಾರೀಖುಗಳನ್ನಂತೂ ಬರೆದಿಟ್ಟುಕೊಳ್ಳಿ. ಸಿಗರೇಟು ಪೊಟ್ಟಣದ ಮೇಲೆ ಕಂಪನಿಯ ಲಾಂಛನ ಇರಬಾರದೆಂದು ಆಸ್ಟ್ರೇಲಿಯ ಹೇಳಿದ ಮೇಲೆ, ಫಿಲಿಪ್ ಮೋರಿಸ್ ಅಲ್ಲಿನ ವ್ಯವಹಾರದ ಒಡೆತನವನ್ನು ತನ್ನ ಹಾಂಗ್‌ಕಾಂಗ್ ಕಂಪನಿಗೆ ವರ್ಗಾಯಿಸಿ ಆಸ್ಟ್ರೇಲಿಯ-ಹಾಂಗ್‌ಕಾಂಗ್ ಹೂಡಿಕೆ ಒಪ್ಪಂದದಡಿ ದಾವೆ ಹೂಡಿತು. ವ್ಯಾಜ್ಯ ಬರುವುದು ಗೊತ್ತಿದ್ದೇ ಮಾಡಿದ ವರ್ಗಾವಣೆ ಇದು, ಹಕ್ಕಿನ ದುರುಪಯೋಗ ಎಂದು 2015ರಲ್ಲಿ ಮಂಡಳಿ ಬಾಗಿಲಲ್ಲೇ ತಡೆಯಿತು. ನಿಯಮ ಸರಿಯೋ ತಪ್ಪೋ ಎಂಬ ವಿಚಾರಣೆಯೇ ನಡೆಯಲಿಲ್ಲ.

ಇನ್ನು ಪೂರ್ವನಿದರ್ಶನದ ಮಾತು. ನ್ಯಾಯಾಲಯದ ತೀರ್ಪು ಓದಿ ಪಳಗಿದವರಿಗೆ ಇಲ್ಲಿ ನೆಲ ಜಾರುತ್ತದೆ. ಸಿಎಂಎಸ್ ಮತ್ತು ಎಲ್‌ಜಿ ಅಂಡ್ ಇ ಎರಡೂ ಅಮೆರಿಕದ ಕಂಪನಿಗಳು, ಎರಡೂ ಅರ್ಜೆಂಟೀನಾದ ಅನಿಲ ಉದ್ಯಮದಲ್ಲಿ ಹಣ ತೊಡಗಿಸಿದ್ದವು. 2002ರ ಜನವರಿಯಲ್ಲಿ ಆ ದೇಶ ಆರ್ಥಿಕ ಕುಸಿತದ ನಡುವೆ ಡಾಲರ್ ಲೆಕ್ಕದ ದರಗಳನ್ನು ಪೆಸೋಗೆ ಇಳಿಸಿತು. ಬಿಕ್ಕಟ್ಟು ಒಂದೇ, ಒಪ್ಪಂದವೂ ಅಮೆರಿಕ-ಅರ್ಜೆಂಟೀನಾ ನಡುವಿನ 1991ರ ಅದೇ ಒಪ್ಪಂದ. ಬಿಕ್ಕಟ್ಟಿನಲ್ಲಿ ಬೇರೆ ದಾರಿ ಇರಲಿಲ್ಲ ಎಂಬ ಅರ್ಜೆಂಟೀನಾದ 'ಅನಿವಾರ್ಯತೆ'ಯ ವಾದವನ್ನು ಸಿಎಂಎಸ್ ಮಂಡಳಿ 2005ರಲ್ಲಿ ತಳ್ಳಿಹಾಕಿ ಸುಮಾರು 13.3 ಕೋಟಿ ಡಾಲರ್ ಕೊಡಿಸಿತು. 2006ರಲ್ಲಿ ಎಲ್‌ಜಿ ಅಂಡ್ ಇ ಮಂಡಳಿ ಅದೇ ವಾದವನ್ನು ಒಪ್ಪಿ, 2001ರ ಡಿಸೆಂಬರ್ 1ರಿಂದ 2003ರ ಏಪ್ರಿಲ್ 26ರವರೆಗೆ ಹೊಣೆಯಿಲ್ಲ ಎಂದಿತು. ಎರಡೂ ಮಂಡಳಿಗಳಲ್ಲಿ ಒಬ್ಬ ಮಧ್ಯಸ್ಥಗಾರರು ಅವರೇ ಇದ್ದರು ಎಂಬುದು ಇನ್ನೂ ಸೋಜಿಗ. ಕಾರಣ ಹುಡುಕುವುದಾದರೆ, ಸಾರ್ವಜನಿಕ ಸುವ್ಯವಸ್ಥೆ ಮತ್ತು ಭದ್ರತೆಗೆ ಬೇಕಾದ ಕ್ರಮಗಳಿಗೆ ಅವಕಾಶ ಕೊಡುವ ಆ ಒಪ್ಪಂದದ 11ನೇ ವಿಧಿಗೆ ಬನ್ನಿ. ಸಿಎಂಎಸ್ ಮಂಡಳಿ ಅದನ್ನು ರೂಢಿಗತ (ದೇಶಗಳ ನಡವಳಿಕೆಯಿಂದ ಬೆಳೆದ) ಅಂತರರಾಷ್ಟ್ರೀಯ ಕಾನೂನಿನ ಅನಿವಾರ್ಯತೆಯೊಂದಿಗೆ ಬೆರೆಸಿತು, ಇನ್ನೊಂದು ಅದನ್ನು ಅದರದೇ ಮಾತಿನಲ್ಲಿ ಓದಿತು. ನನಗೆ ಎರಡನೆಯದೇ ಸರಿ ಅನಿಸುತ್ತದೆ.

ತಪ್ಪಿದ್ದರೆ ಮೇಲ್ಮನವಿ ಇಲ್ಲವೇ ಎಂದು ಕೇಳಬಹುದು. ಇಲ್ಲ. ಇಕ್ಸಿಡ್‌ನಲ್ಲಿ ಸಾಮಾನ್ಯವಾಗಿ 120 ದಿನಗಳೊಳಗೆ ರದ್ದತಿ ಕೋರಬಹುದು, ಅದೂ ಐದೇ ಕಾರಣಗಳಿಗೆ. ಕಾನೂನನ್ನು ತಪ್ಪಾಗಿ ತಿಳಿದದ್ದು ಆ ಐದರಲ್ಲಿ ಸೇರಿಲ್ಲ. ಸಿಎಂಎಸ್ ಐತೀರ್ಪಿನಲ್ಲಿ ಕಾನೂನಿನ ತಪ್ಪುಗಳಿವೆ ಎಂದು 2007ರಲ್ಲಿ ರದ್ದತಿ ಸಮಿತಿಯೇ ಬರೆಯಿತು. ಆದರೂ ಒಂದು ಭಾಗ ಮಾತ್ರ ರದ್ದಾಯಿತು, ಪರಿಹಾರದ ಮೊತ್ತ ಹಾಗೇ ನಿಂತಿತು. ಇಕ್ಸಿಡ್ ಹೊರಗಿನ ಐತೀರ್ಪಾದರೆ ದಾರಿ ಬೇರೆ: ಮಧ್ಯಸ್ಥಿಕೆಯ ಕಾನೂನು ನೆಲೆ ಯಾವ ದೇಶದಲ್ಲಿದೆಯೋ ಅಲ್ಲಿನ ನ್ಯಾಯಾಲಯ ಅದನ್ನು ರದ್ದುಪಡಿಸಬಹುದು, ಉಳಿದ ಕಡೆ ಜಾರಿಗೆ 1958ರ ನ್ಯೂಯಾರ್ಕ್ ಒಡಂಬಡಿಕೆಯನ್ನು ನೋಡಬೇಕು.