ಆರೈಕೆ ಮಾಡುವವರನ್ನು ನೋಡಿಕೊಳ್ಳುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಚಿತ್ರದುರ್ಗ ಜಿಲ್ಲೆಯವರಿಗೆ ಹೊಸ ಹೆಸರೇನಲ್ಲ. ಅಶೋಕನ ಶಾಸನ ಇರುವ ಬಂಡೆ ಅಲ್ಲಿದೆ ಅಂತ ಶಾಲೆಯಲ್ಲಿ ಓದಿರುತ್ತೇವೆ. ಹೋಗಿ ಫೋಟೊ ತೆಗೆಸಿಕೊಂಡೂ ಬಂದಿರುತ್ತೇವೆ. ಆದರೆ ಅದರಲ್ಲಿ ಬರೆದಿರುವುದೇನು ಅಂತ ಕೇಳಿದರೆ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಲ್ಲಿರುವುದು ಯುದ್ಧ ಗೆದ್ದ ಕಥೆಯಲ್ಲ, ತೆರಿಗೆಯ ಲೆಕ್ಕವೂ ಅಲ್ಲ. ಅದರ ಒಂದು ಭಾಗ ಪೂರ್ತಿ ಮನೆಯ ವಿಷಯ. ಇವತ್ತು ಅದನ್ನೇ ಹಿಡಿದು ನಾಲ್ಕು ಮಾತು ಆಡಬೇಕು ಅಂತ ಬಂದಿದ್ದೇನೆ.

ಶಾಸನ ತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಈ ಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಹತ್ತಿರ ಹತ್ತಿರದ ಮೂರು ಜಾಗಗಳಲ್ಲಿ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಕಾಲ ಕ್ರಿಸ್ತಪೂರ್ವ 3ನೇ ಶತಮಾನ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಇದು. ಆ ಇಸಿಲವೇ ಈಗಿನ ಬ್ರಹ್ಮಗಿರಿಯ ತಪ್ಪಲು. ಆಜ್ಞೆ ಶುರುವಾಗುವುದು ಹೇಗೆ ಗೊತ್ತಾ? ಮೊದಲು ಇಸಿಲದವರ ಆರೋಗ್ಯ ಹಾರೈಸಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ತಂದೆ ತಾಯಿಯ ಮಾತು ಕೇಳಿ ನಡೆಯಬೇಕು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಆದರಿಸಬೇಕು, ನೆಂಟರಿಷ್ಟರ ಜೊತೆ ತಕ್ಕ ಹಾಗೆ ನಡೆದುಕೊಳ್ಳಬೇಕು. ಇದು ಹಿಂದಿನಿಂದ ಬಂದ ರೀತಿ, ಇದರಿಂದ ದೀರ್ಘಾಯುಸ್ಸು ಬರುತ್ತದೆ ಅಂತಲೂ ಸೇರಿಸಿದ್ದಾರೆ. ಕೊನೆಗೆ ಬರೆದವನು ಚಪಡ ಅಂತ ತನ್ನ ಹೆಸರು ಕೊರೆದಿದ್ದಾನೆ. ತಾನು ಲಿಪಿಕಾರ ಅನ್ನುವ ಒಂದು ಪದವನ್ನು ಮಾತ್ರ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ವಾಯವ್ಯ ಗಡಿಯ ಆ ಲಿಪಿ ನಮ್ಮ ಬಯಲುಸೀಮೆಯ ಬಂಡೆಯ ಮೇಲೆ! ಚಪಡ ಎಲ್ಲೆಲ್ಲಿ ಓಡಾಡಿದ್ದನೋ ಅಂತ ನನಗೆ ಯಾವಾಗಲೂ ಕುತೂಹಲ.

ಇರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದೀರ್ಘಾಯುಸ್ಸಿನ ಮಾತು. ಮನೆಯವರ ಜೊತೆ ಚೆನ್ನಾಗಿದ್ದರೆ ಆಯಸ್ಸು ಜಾಸ್ತಿ ಆಗುತ್ತದೆಯಾ? ಅಶೋಕನ ಕಾಲದಲ್ಲಿ ಅದನ್ನು ಅಳೆದು ನೋಡಲು ದಾರಿ ಇರಲಿಲ್ಲ. ಈಗ ಇದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಅಲಮೀಡಾ ಎಂಬ ಕಡೆ 1965ರಲ್ಲಿ ಒಂದು ಅಧ್ಯಯನ ಶುರುವಾಯಿತು. 30ರಿಂದ 69 ವರ್ಷದೊಳಗಿನ 4,725 ಜನರನ್ನು 9 ವರ್ಷ ಗಮನಿಸಿದರು. ಮದುವೆ, ನೆಂಟರು, ಸ್ನೇಹಿತರು, ಸಂಘ ಸಂಸ್ಥೆಗಳ ಒಡನಾಟ, ಇವೆಲ್ಲ ಯಾರಿಗೆ ಎಷ್ಟಿದೆ ಅಂತ ಕೇಳಿ ಬರೆದುಕೊಂಡರು. ಒಡನಾಟ ತೀರಾ ಕಡಿಮೆ ಇದ್ದವರಲ್ಲಿ ಸಾವಿನ ಸಂಭವ ಎರಡು ಪಟ್ಟಿಗೂ ಜಾಸ್ತಿ ಇತ್ತು. 1979ರಲ್ಲಿ ಇದು ಪ್ರಕಟವಾಯಿತು. ಮುಂದೆ 2010ರಲ್ಲಿ ಇಂಥ 148 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಅದು. ಸಂಬಂಧಗಳು ಗಟ್ಟಿ ಇದ್ದವರು ಬದುಕುಳಿಯುವ ಸಂಭವ ಸುಮಾರು 50 ಶೇಕಡಾ ಹೆಚ್ಚು ಅಂತ ಬಂತು. ಆರೋಗ್ಯ ಚೆನ್ನಾಗಿರುವವರಿಗೇ ಸ್ನೇಹಿತರು ಹೆಚ್ಚು ಇರಬಹುದಲ್ವಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಅದಕ್ಕೇ ಅಲಮೀಡಾದವರು ಮೊದಲೇ ಇದ್ದ ಕಾಯಿಲೆ, ಬೀಡಿ ಸಿಗರೇಟು, ಕುಡಿತ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದ್ದರು. ಆಗಲೂ ವ್ಯತ್ಯಾಸ ಉಳಿದೇ ಇತ್ತು.

ಮಿದುಳಿನೊಳಗೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಣ್ಣ, ಚೆಂದದ ಪ್ರಯೋಗ ಇದೆ. ವರ್ಜೀನಿಯಾ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ್ದು. ಮದುವೆಯಾದ 16 ಮಂದಿ ಹೆಂಗಸರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಈಗ ಕಾಲಿಗೆ ಸಣ್ಣ ಕರೆಂಟ್ ಹೊಡೆಯಬಹುದು ಅಂತ ಸೂಚನೆ ಕೊಡುತ್ತಿದ್ದರು. ಒಮ್ಮೆ ಒಂಟಿಯಾಗಿ, ಒಮ್ಮೆ ಅಪರಿಚಿತರ ಕೈ ಹಿಡಿದುಕೊಂಡು, ಒಮ್ಮೆ ಗಂಡನ ಕೈ ಹಿಡಿದುಕೊಂಡು. ಗಂಡನ ಕೈ ಹಿಡಿದಾಗ ಮಿದುಳಿನ ಹೆದರಿಕೆಯ ಓಡಾಟ ಎಲ್ಲಕ್ಕಿಂತ ಚೆನ್ನಾಗಿ ತಗ್ಗಿತ್ತು. ಸಂಸಾರ ಚೆನ್ನಾಗಿದ್ದಷ್ಟೂ ಜಾಸ್ತಿ ತಗ್ಗಿತ್ತು. ಹತ್ತಿರದವರು ಜೊತೆಗಿದ್ದರೆ ಧೈರ್ಯ ಬರುತ್ತದೆ ಅನ್ನುತ್ತೇವಲ್ಲ, ಅದು ಬರೀ ಮಾತಲ್ಲ.

ಇಲ್ಲಿಗೇ ನಿಲ್ಲಿಸಿದರೆ ಹಿತವಾಗಿರುತ್ತದೆ. ಆದರೆ ನಾನು ಬಂದಿರುವುದು ಇದರ ಇನ್ನೊಂದು ಮಗ್ಗುಲು ಹೇಳಲಿಕ್ಕೆ.

ದಾವಣಗೆರೆಯಲ್ಲಿ ನಮಗೆ ಗೊತ್ತಿರುವ ಒಂದು ಮನೆ. ಅತ್ತೆಗೆ ಎಂಬತ್ತು ದಾಟಿದೆ, ಮರೆವಿನ ಕಾಯಿಲೆ. ರಾತ್ರಿ ಎರಡು ಗಂಟೆಗೆ, ಮೂರು ಗಂಟೆಗೆ ಎದ್ದು ಸೆರಗು ಸರಿಮಾಡಿಕೊಂಡು, "ಜಗಳೂರಿಗೆ ಹೋಗ್ಬೇಕು, ಬಸ್ಸು ತಪ್ಪುತ್ತೆ" ಅಂತ ಬಾಗಿಲ ಹತ್ತಿರ ನಿಲ್ಲುತ್ತಾರೆ. ಜಗಳೂರಿನ ತವರುಮನೆ ಯಾವತ್ತೋ ಬಿದ್ದುಹೋಗಿದೆ. ಬಾಗಿಲಿನ ಮೇಲ್ಗಡೆ, ಅವರ ಕೈಗೆ ಎಟುಕದ ಹಾಗೆ ಒಂದು ಚಿಲಕ ಹಾಕಿಸಿದ್ದಾರೆ. ಆದರೂ ಸೊಸೆ ಮಲಗುವುದು ಬಾಗಿಲ ಪಕ್ಕದಲ್ಲೇ, ಚಾಪೆ ಹಾಸಿಕೊಂಡು. "ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗೋಣ ಅತ್ತೆ, ಈಗ ಸ್ವಲ್ಪ ಮಲಗಿ" ಅಂತ ಒಳಗೆ ಕರೆದುಕೊಂಡು ಹೋಗುತ್ತಾರೆ. ವಾದ ಮಾಡುವುದಿಲ್ಲ. ಅದೇ ಸರಿ ಕೂಡ. ಅತ್ತೆಯ ಮಾತ್ರೆಗಳು ವಾರದ ಡಬ್ಬಿಯಲ್ಲಿ ಹೊತ್ತು ಹೊತ್ತಿಗೆ ಜೋಡಿಸಿಟ್ಟಿರುತ್ತವೆ. ಸೊಸೆಗೂ ಬಿಪಿ ಇದೆ. ಅವರ ಮಾತ್ರೆ ಮುಗಿದು ಎಷ್ಟೋ ದಿನ ಆಗಿತ್ತು, ತರಿಸಿಕೊಂಡಿರಲಿಲ್ಲ. ಕೇಳಿದರೆ, "ಮೆಡಿಕಲ್ ಶಾಪಿಗೆ ಹೋಗೋಕೆ ಇವರನ್ನ ಯಾರ ಹತ್ರ ಬಿಡಲಿ?" ಅಂದರು.

ಇಂಥ ಹೆಣ್ಣುಮಕ್ಕಳ ಮೈಯೊಳಗೆ ಏನು ನಡೆಯುತ್ತಿರುತ್ತದೆ? ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 1995ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು ಒಂದು ಕಡೆ. ಅದೇ ವಯಸ್ಸಿನ, ಅಷ್ಟೇ ಆದಾಯದ, ಆ ಜವಾಬ್ದಾರಿ ಇಲ್ಲದ 13 ಮಂದಿ ಇನ್ನೊಂದು ಕಡೆ. ಎಲ್ಲರ ಕೈಯ ಮೇಲೆ ಮೂರೂವರೆ ಮಿಲಿಮೀಟರಿನ ಒಂದೇ ಥರದ ಪುಟ್ಟ ಗಾಯ ಮಾಡಿ, ಅದು ಮಾಯುವ ತನಕ ನೋಡಿದರು. ಎರಡನೇ ಗುಂಪಿನವರಿಗೆ ಸರಾಸರಿ 39 ದಿನ ಹಿಡಿಯಿತು. ಆರೈಕೆ ಮಾಡುತ್ತಿದ್ದವರಿಗೆ ಹೆಚ್ಚುಕಡಿಮೆ 49 ದಿನ. ಗಾಯ ಒಂದೇ, ಮಾಯುವುದಕ್ಕೆ ಒಂಬತ್ತು ದಿನಕ್ಕೂ ಮೇಲೆ ತಡ.

ಯಾಕೆ ಹೀಗೆ? ಒತ್ತಡ ಬಂದಾಗ ಮಿದುಳು ಹೇಳಿ ಕಳಿಸುತ್ತದೆ, ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನ್ ಬಿಡುತ್ತವೆ. ಒಂದು ಗಳಿಗೆಯ ಅಪಾಯಕ್ಕೆ ಅದು ಬೇಕೇ ಬೇಕು. ಆದರೆ ಅಪಾಯ ಹೋಗದೆ ದಿನಾ ಉಳಿದರೆ, ಅದೇ ಕಾರ್ಟಿಸಾಲ್ ರೋಗ ತಡೆಯುವ, ಗಾಯ ಮಾಯಿಸುವ ಕೆಲಸವನ್ನು ತಗ್ಗಿಸುತ್ತದೆ. ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಎಂಬ ಭಾಗವೂ ಇದಕ್ಕೆ ಬಹಳ ಬೇಗ ಸೋಲುತ್ತದೆ. ನಿದ್ದೆಯೂ ಇಲ್ಲದಿದ್ದರೆ ಮುಗಿಯಿತು. ಆರೈಕೆ ಮಾಡುವವರು "ನನಗೂ ಮರೆವು ಶುರುವಾಗಿದೆ" ಅಂದರೆ ಅದನ್ನು ನಗುತ್ತಾ ತಳ್ಳಿಹಾಕಬೇಡಿ.

ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ 70ರ ಆಸುಪಾಸು. ಬಹಳ ಸಂತೋಷದ ವಿಷಯ. ಆದರೆ ಜಾಸ್ತಿಯಾದ ಆ ವರ್ಷಗಳ ಆರೈಕೆ ಯಾರ ಪಾಲಿಗೆ ಬಂತು? ಹೆಚ್ಚಿನ ಮನೆಗಳಲ್ಲಿ ಒಬ್ಬ ಸೊಸೆ, ಇಲ್ಲ ಒಬ್ಬ ಮಗಳು. ಬ್ರಹ್ಮಗಿರಿಯ ಆಜ್ಞೆ ಸೊಸೆಗೆ ಅಂತ ಬರೆದದ್ದಲ್ಲ, ಎಲ್ಲರಿಗೂ ಬರೆದದ್ದು. ತಂದೆ ತಾಯಿಯ ಮಾತು ಹೇಳಿದ ಮೇಲೆ ನೆಂಟರಿಷ್ಟರ ಮಾತೂ ಅಲ್ಲಿದೆ. ಈಗಿನ ಸಂಶೋಧನೆ ಹೇಳುವುದೂ ಅದನ್ನೇ. ಒಡನಾಟ ಆಯಸ್ಸು ಕೊಡುತ್ತದೆ, ನಿಜ. ಒಬ್ಬರ ತಲೆಗೇ ಕಟ್ಟಿದ ಆರೈಕೆ ಆರೋಗ್ಯ ತಿನ್ನುತ್ತದೆ.

ನಾವು ನೆಂಟರು ಏನು ಮಾಡುತ್ತೇವೆ? ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ನೋಡಲು ಹೋಗುತ್ತೇವೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಆ ಹೆಣ್ಣುಮಗಳು ನಮಗೆ ಒಗ್ಗರಣೆ ಮಂಡಕ್ಕಿ ಮಾಡಿ, ಚಹಾ ಕಾಸಿ ಕೊಡುತ್ತಾಳೆ. ಕುಡಿದು, "ಚೆನ್ನಾಗಿ ನೋಡ್ಕೋಮ್ಮಾ, ಪುಣ್ಯ ಬರುತ್ತೆ" ಅಂತ ಹೇಳಿ ಎದ್ದು ಬರುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಅಡುಗೆ ನೀವೇ ತೆಗೆದುಕೊಂಡು ಹೋಗಿ. ಭಾನುವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದ ತನಕ "ನಾನಿರ್ತೀನಿ, ನೀನು ಮಲಗು" ಅನ್ನಿ. ಗಂಡುಮಕ್ಕಳು ವಾರದಲ್ಲಿ ಎರಡು ರಾತ್ರಿ ಬಾಗಿಲ ಪಕ್ಕ ತಾವು ಮಲಗಲಿ. ಬೆಂಗಳೂರಲ್ಲಿರುವ ಮಗ ದುಡ್ಡು ಕಳಿಸಿದ್ದೇನೆ ಅಂತ ಸುಮ್ನೆ ಕೂರದೆ ರಜೆ ಹಾಕಿ ಬಂದು ಇರಲಿ.

ಕಾಯಿಲೆಯ ಬಗ್ಗೆಯೂ ಒಂದು ಮಾತು. ಮರೆವು ಕಂಡ ತಕ್ಷಣ ವಯಸ್ಸಾಯ್ತು ಬಿಡಿ ಅನ್ನಬೇಡಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ ಇದ್ದರೂ ಮರೆವು ಬರುತ್ತದೆ. ಇವಕ್ಕೆ ಔಷಧಿ ಇದೆ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಮರೆವಿನ ಕಾಯಿಲೆಗೆ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಗುರುತಿಸಿತು. ಅವನ್ನೆಲ್ಲ ಸರಿಪಡಿಸಿದರೆ ಸುಮಾರು 45 ಶೇಕಡಾ ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅಂದಿತು. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ ಅದರಲ್ಲಿವೆ. ಕಿವಿ ಕೇಳಿಸದಿರುವುದೂ ಇದೆ, ಒಂಟಿತನವೂ ಇದೆ. ಅಜ್ಜನಿಗೆ ಕಿವಿ ಮಂದ ಅಂತ ಮಾತಾಡಿಸುವುದನ್ನೇ ಬಿಟ್ಟರೆ ಈ ಎರಡೂ ಒಟ್ಟಿಗೇ ಆಗುತ್ತವೆ ನೋಡಿ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ.

ಆರೈಕೆ ಮಾಡುತ್ತಿರುವ ಅಕ್ಕಂದಿರು, ಅಮ್ಮಂದಿರು ಈಗ ಕೇಳುತ್ತಿದ್ದರೆ ಎರಡು ನಂಬರ್ ಬರೆದುಕೊಳ್ಳಿ. ಮನಸ್ಸಿಗೆ ತಡೆಯಲಾಗದಷ್ಟು ಕಷ್ಟವಾದರೆ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ವಿಷಯದಲ್ಲಿ ಮಾಹಿತಿ, ನೆರವು ಬೇಕಾದರೆ ಎಲ್ಡರ್ ಲೈನ್, 14567. ನಿಮ್ಮ ಬಿಪಿ ಮಾತ್ರೆ ಮುಗಿದಿದ್ದರೆ, ತಂದುಕೊಡಿ ಅಂತ ಇವತ್ತೇ ಮನೆಯವರಿಗೆ ಹೇಳಿ.

ನಮಸ್ಕಾರ.